ಥಾಣೆಯ ಮುಮ್ಮುರಿಯ ಮಗಳು

ನಮ್ಮಲ್ಲಿ ಹೆಚ್ಚಿನವರಿಗೆ ಇತಿಹಾಸವೆಂದರೆ ಊರಿಗೆ ಹೋದಾಗ ನೋಡುವ ವಸ್ತು. ಮೇ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹಂಪಿ, ಬಾದಾಮಿ, ಬೇಲೂರು ನೋಡಿ ಬರುತ್ತೇವೆ. ಕರಾವಳಿಯವರಾದರೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ. ರಜೆ ಮುಗಿಸಿ ಮತ್ಸ್ಯಗಂಧದಲ್ಲಿ ಥಾಣೆ ಸ್ಟೇಷನ್ನಿಗೆ ಬಂದಿಳಿದೆವೋ, ಅಲ್ಲಿಗೆ ಇತಿಹಾಸ ಮುಗಿಯಿತು, ಲೋಕಲ್ ಗಾಡಿಯ ನೂಕುನುಗ್ಗಲು ಶುರುವಾಯಿತು.

ಆದರೆ ಹಾಗೆ ನಾವು ಬಂದಿಳಿಯುವ ಥಾಣೆ ಒಂದು ಕಾಲದ ರಾಜಧಾನಿ. ಶಾಸನಗಳಲ್ಲಿ ಅದರ ಹೆಸರು ಶ್ರೀಸ್ಥಾನಕ. ಸುಮಾರು ಕ್ರಿ.ಶ. 800ರಿಂದ 1265ರವರೆಗೆ ಉತ್ತರ ಕೊಂಕಣವನ್ನು ಆಳಿದ ಶಿಲಾಹಾರರು ಇಲ್ಲಿದ್ದರು. ಅವರು ಸಾಮ್ರಾಟರಲ್ಲ, ಸಾಮಂತರು. ಮೊದಲು ಮಳಖೇಡದ ರಾಷ್ಟ್ರಕೂಟರಿಗೆ, ಆಮೇಲೆ ಕಲ್ಯಾಣದ ಚಾಲುಕ್ಯರಿಗೆ ತಲೆಬಾಗಿ ನಡೆದವರು. ಅವರ ಮನೆಯ ಒಬ್ಬ ಹೆಣ್ಣುಮಗಳ ಮದುವೆಯ ಸುದ್ದಿ ಧಾರವಾಡದ ಪಕ್ಕದ ನರೇಂದ್ರ ಗ್ರಾಮದ ಕನ್ನಡ ಶಾಸನದಲ್ಲಿದೆ. ಮಹಿಳಾ ವಿಭಾಗದ ಸಂಚಿಕೆಗೆ ಏನು ಬರೆಯಲಿ ಎಂದು ಯೋಚಿಸುವಾಗ ನನಗೆ ಮೊದಲು ನೆನಪಾದವಳು ಅವಳೇ. ಆದರೆ ಅವಳ ಕಥೆಗೆ ಬರುವ ಮೊದಲು ಅವಳ ತವರುಮನೆಯ ಸ್ಥಿತಿಗತಿ ಸ್ವಲ್ಪ ತಿಳಿಯಬೇಕು.

ಶಿಲಾಹಾರರದು ಮೂರು ಮನೆ. ಒಂದು ಥಾಣೆಯದು, ಇನ್ನೊಂದು ದಕ್ಷಿಣ ಕೊಂಕಣದ್ದು, ಮೂರನೆಯದು ಕೊಲ್ಹಾಪುರ, ಕರಾಡ, ಮೀರಜ್ ಸೀಮೆಯದು. ಮೂವರೂ ತಮ್ಮನ್ನು ತಗರಪುರದ ಒಡೆಯರೆಂದು ಕರೆದುಕೊಂಡರು. ತಗರವೆಂದರೆ ಈಗಿನ ಧಾರಾಶಿವ ಜಿಲ್ಲೆಯ ತೇರ್. ಗರುಡನಿಗೆ ತನ್ನ ದೇಹವನ್ನೇ ಒಪ್ಪಿಸಿದ ವಿದ್ಯಾಧರ ಜೀಮೂತವಾಹನ ತಮ್ಮ ಮೂಲಪುರುಷನೆಂದು ಹೇಳಿಕೊಂಡರು, ಬಾವುಟದಲ್ಲಿ ಬಂಗಾರದ ಗರುಡನನ್ನಿಟ್ಟರು. ಥಾಣೆಯವರ ತಾಮ್ರಪಟಗಳು ಸಂಸ್ಕೃತದಲ್ಲಿವೆ, ಆದರೆ ಬಿರುದುಗಳ ಸಾಲಿನಲ್ಲಿ ‘ಮಲಗಲಗಂಡ’ ಎಂಬಂಥ ಮಾತು ಥಟ್ಟನೆ ಎದುರಾಗುತ್ತದೆ. ‘ಗಂಡ’ ಎಂದರೆ ವೀರ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಂಥವನ್ನು ನೋಡಿಯೇ ಇತಿಹಾಸಕಾರ ಅ. ಸ. ಅಳ್ತೇಕರರು ಈ ಮನೆತನದ ಮನೆಮಾತು ಕನ್ನಡವಾಗಿದ್ದಿರಬೇಕೆಂದು ಊಹಿಸಿದರು. ಹಾಗೆಂದು ‘ಥಾಣೆ ನಮ್ಮದಾಗಿತ್ತು’ ಎಂದು ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸಲು ನಾನು ಇದನ್ನು ಬರೆಯುತ್ತಿಲ್ಲ. ಅದೇ ಮನೆತನದ ಕೊಂಕಣದ ಶಾಸನಗಳಲ್ಲಿ ಹಳೆಯ ಮರಾಠಿಯ ಸಾಲುಗಳೂ ಸಿಗುತ್ತವೆ. ಆ ಕಾಲದ ಅರಸರಿಗೆ ಭಾಷೆಗಿಂತ ಕಪ್ಪ, ಬಂದರು, ಬೀಗತನ ಮುಖ್ಯ.

ಸಾಮಂತನೆಂದರೆ ಯಾರು? ತನ್ನ ಸೀಮೆಯಲ್ಲಿ ಅವನೇ ಅರಸ. ಕಂದಾಯ ಅವನದು, ಸುಂಕ ಅವನದು, ದಾನ ಕೊಡುವ ಕೈಯೂ ಅವನದು. ಆದರೆ ಮೇಲೊಬ್ಬ ಚಕ್ರವರ್ತಿ ಇದ್ದಾನೆ. ಅವನಿಗೆ ಕಾಲಕಾಲಕ್ಕೆ ಕಪ್ಪ ಸಲ್ಲಬೇಕು, ಯುದ್ಧಕ್ಕೆ ಕರೆದರೆ ಸೇನೆಯೊಡನೆ ಹೋಗಬೇಕು, ಶಾಸನ ಹಾಕಿಸುವಾಗ ಅವನ ಹೆಸರನ್ನು ಮೊದಲು ಕೊರೆಸಬೇಕು. ಬದಲಿಗೆ ಪಂಚಮಹಾಶಬ್ದದ ಗೌರವ, ಅಂದರೆ ಐದು ಬಗೆಯ ವಾದ್ಯ ನುಡಿಸಿಕೊಳ್ಳುವ ಮರ್ಯಾದೆ. ಥಾಣೆಯ ಶಿಲಾಹಾರರು ಇದನ್ನು ಶಾಸನದಲ್ಲಿ ತಪ್ಪದೆ ಬರೆಸುತ್ತಿದ್ದರು. ನಾಡನ್ನು ಅಳೆಯುತ್ತಿದ್ದುದು ಹಳ್ಳಿಗಳ ಲೆಕ್ಕದಲ್ಲಿ. ಬನವಾಸಿ ಪನ್ನಿರ್ಚ್ಛಾಸಿರ ಇದ್ದಂತೆ ಇವರದು ‘ಪುರಿ ಮೊದಲಾದ 1400 ಗ್ರಾಮಗಳ’ ಕೊಂಕಣ. ಆ ಪುರಿ ಘಾರಾಪುರಿಯೋ ಮುರುಡ ಕಡೆಯ ರಾಜಪುರಿಯೋ ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಾರೆ. ಸಾಷ್ಟಿ ದ್ವೀಪಕ್ಕೆ, ಅಂದರೆ ಬಾಂದ್ರಾದಿಂದ ಮೇಲಕ್ಕೆ ಥಾಣೆ ಖಾಡಿಯವರೆಗಿನ ನೆಲಕ್ಕೆ, ಷಟ್‌ಷಷ್ಟಿ ಎಂದು ಹೆಸರು, 66 ಹಳ್ಳಿಗಳದ್ದು ಎಂದರ್ಥ. ಸಾಷ್ಟಿ ಎಂಬುದು ಅದರದೇ ಸವಕಲು ರೂಪ. ಭಾಂಡುಪಿನಲ್ಲಿ ಸಿಕ್ಕಿದ 1026ರ ತಾಮ್ರಪಟದಲ್ಲಿ ಈ ಹೆಸರಿದೆ.

ನಾಡಿನ ಮೊದಲ ಒಡೆಯ ಕಪರ್ದಿ. ಅವನಿಂದಲೇ ಈ ಸೀಮೆಗೆ ಕಪರ್ದಿಕದ್ವೀಪ ಎಂಬ ಹೆಸರು ಬಂತು. ಅವನ ಮೊಮ್ಮಗ ಇನ್ನೊಬ್ಬ ಕಪರ್ದಿಯ ಕಾಲದಲ್ಲಿ ಬೋರಿವಲಿ ಕಾಡಿನೊಳಗಿನ ಕಾನ್ಹೇರಿ ಗುಹೆಗಳಲ್ಲಿ ಬೌದ್ಧ ಭಿಕ್ಷುಗಳಿಗೆ ದಾನ ಕೊಟ್ಟ ಶಾಸನಗಳಿವೆ. ಅವುಗಳಲ್ಲಿ ಒಂದು ಕ್ರಿ.ಶ. 877ರದು. ಚಕ್ರವರ್ತಿಯೆಂದು ಅಲ್ಲಿ ಕೊರೆದ ಹೆಸರು ಅಮೋಘವರ್ಷ. ನಮ್ಮ ನೃಪತುಂಗ! ಕವಿರಾಜಮಾರ್ಗ ಯಾರ ಆಸ್ಥಾನದಲ್ಲಿ ಹುಟ್ಟಿತೋ ಅದೇ ದೊರೆ. ಮಕ್ಕಳನ್ನು ನ್ಯಾಷನಲ್ ಪಾರ್ಕಿಗೆ ಪಿಕ್‌ನಿಕ್ಕಿಗೆ ಕರೆದುಕೊಂಡು ಹೋಗುವವರು ಇದನ್ನೊಂದು ಹೇಳಬಹುದು.

ಈ ಚಕ್ರವರ್ತಿ ಮುಳುಗಿದರೆ ಸಾಮಂತನ ಗತಿ? 973ರಲ್ಲಿ ಚಾಲುಕ್ಯ ತೈಲಪ ರಾಷ್ಟ್ರಕೂಟರನ್ನು ಕೆಡವಿದ. ಎಷ್ಟೋ ಸಾಮಂತರು ರಾತ್ರಿ ಬೆಳಗಾಗುವುದರೊಳಗೆ ಹೊಸ ಒಡೆಯನ ಹೆಸರು ಹೇಳತೊಡಗಿದರು. ಥಾಣೆಯ ಅಪರಾಜಿತ ಹೇಳಲಿಲ್ಲ. ಕಲ್ಯಾಣ್-ಭಿವಂಡಿ ಕಡೆಯ ಭಾದಾಣೆ ಹಳ್ಳಿಯನ್ನು ಲೋನಾಡಿನ ಸೂರ್ಯದೇವರಿಗೆ ದಾನ ಕೊಟ್ಟ 997ರ ತಾಮ್ರಪಟದಲ್ಲಿ ಅವನು ರಾಷ್ಟ್ರಕೂಟರ ಇಡೀ ವಂಶಾವಳಿಯನ್ನು ಬರೆಸಿದ್ದಾನೆ. ಆ ಮನೆತನ ಅಳಿದು 24 ವರ್ಷವಾಗಿತ್ತು. ಅದು ಈಗ ನೆನಪು ಮಾತ್ರವಾಗಿ ಉಳಿಯಿತಲ್ಲ ಎಂಬ ಸಂಕಟವೂ ಅದರಲ್ಲಿದೆ. ದಾನಪತ್ರದಲ್ಲಿ ಇಂಥ ಸಂಕಟ ಓದಸಿಗುವುದು ಅಪರೂಪ.

ಅದೇ 997ರಲ್ಲಿ ತೈಲಪನ ಮಗ ಸತ್ಯಾಶ್ರಯ ಪಟ್ಟಕ್ಕೆ ಬಂದ, ಕೊಂಕಣದ ಮೇಲೆ ದಂಡೆತ್ತಿ ಹೋದ. ಅವನ ಆಸ್ಥಾನಕವಿ ರನ್ನ ಗದಾಯುದ್ಧದಲ್ಲಿ ಈ ಅಪರಾಜಿತನನ್ನು ಸುಮ್ಮನೆ ಬಿಟ್ಟಿಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸತ್ಯಾಶ್ರಯನ ಸೇನಾಸಮುದ್ರ. ನಡುವೆ ಸಿಕ್ಕಿಕೊಂಡ ಅಪರಾಜಿತನನ್ನು ಎರಡೂ ತುದಿಗೆ ಬೆಂಕಿ ಹತ್ತಿದ ಕೋಲಿನ ಮೇಲಿನ ಹುಳುವಿಗೆ ಹೋಲಿಸುತ್ತಾನೆ. ಕಾಲೇಜಿನಲ್ಲಿ ಗದಾಯುದ್ಧ ಓದಿದವರು ನಮ್ಮ ಸಂಘದಲ್ಲಿ ಕಡಿಮೆಯಿಲ್ಲ. ಆ ಹುಳು ಥಾಣೆಯದು ಎಂದು ನಮಗೆ ಯಾವ ಮೇಷ್ಟ್ರೂ ಹೇಳಿದ್ದಿಲ್ಲ. ಗೆದ್ದವರ ಕವಿ ಬರೆದದ್ದು ಕಾವ್ಯವಾಗಿ ಉಳಿಯಿತು. ಸೋತವನ ನಿಷ್ಠೆ ತಾಮ್ರದ ಹಾಳೆಯಲ್ಲಿ ನೆಲದೊಳಗೆ ಉಳಿಯಿತು. ರನ್ನನ ಮೇಲೆ ನನಗೆ ಎಷ್ಟೇ ಅಭಿಮಾನವಿದ್ದರೂ ಈ ಒಂದು ವಿಷಯದಲ್ಲಿ ನನ್ನ ಮನಸ್ಸು ಅಪರಾಜಿತನ ಕಡೆಗೇ ವಾಲುತ್ತದೆ.

ನೆಲದೊಳಗೆ ಎಂದೆನಲ್ಲ, ಅದು ಬರಿಯ ಮಾತಲ್ಲ. 1787ರಲ್ಲಿ ಥಾಣೆ ಕೋಟೆಯಲ್ಲಿ ಅಡಿಪಾಯ ಅಗೆಯುವಾಗ ಅಪರಾಜಿತನ ಮಗ ಅರಿಕೇಸರಿಯ 1017ರ ತಾಮ್ರಪಟಗಳು ಸಿಕ್ಕಿದವು. ಆ ಕೋಟೆಯೇ ಈಗಿನ ಥಾಣೆ ಸೆಂಟ್ರಲ್ ಜೈಲು.

ಇನ್ನು ಮುಮ್ಮುರಿ. ತಾಮ್ರಪಟಗಳಲ್ಲಿ ಮುಮ್ಮುಣಿ, ಮಾಮ್ವಾಣಿ ಎಂದೆಲ್ಲ ಬರುವವನು ಇವನೇ. ಛಿತ್ತರಾಜ, ನಾಗಾರ್ಜುನ, ಮುಮ್ಮುಣಿ ಎಂಬ ಮೂವರು ಅಣ್ಣತಮ್ಮಂದಿರು ಒಬ್ಬರ ನಂತರ ಒಬ್ಬರು ಆಳಿದರು. ಅಂಬರನಾಥದ ಶಿವಾಲಯದ ಶಾಸನ ಶಕ 982ರದು, ಅಂದರೆ 1060ರ ಹೊತ್ತಿನದು, ಮುಮ್ಮುಣಿಯ ಕಾಲದ್ದು. ಕೆಲಸ ಅಣ್ಣನ ಕಾಲದಲ್ಲೇ ಶುರುವಾಗಿತ್ತೆಂದು ಹೇಳುತ್ತಾರೆ. ಡೊಂಬಿವಲಿ, ಕಲ್ಯಾಣಿನವರಿಗೆ ಲೋಕಲ್‌ನಲ್ಲಿ ಕೆಲವೇ ನಿಮಿಷದ ದಾರಿ. ವಾಲಧುನಿ ಹೊಳೆಯ ದಡದಲ್ಲಿದೆ. ಹೊಳೆಯ ಈಗಿನ ಸ್ಥಿತಿಯ ಬಗ್ಗೆ ಮಾತು ಬೇಡ, ಗುಡಿಯನ್ನು ನೋಡಿ. ಗರ್ಭಗುಡಿಗೆ ಮೆಟ್ಟಿಲಿಳಿದು ಹೋಗಬೇಕು. ಹೊರಗೋಡೆಯ ತುಂಬ ಶಿಲ್ಪಗಳು. ಅದರ ಬಾಗಿಲಲ್ಲಿ ನಿಂತು ‘ಇದು ಬೇಲೂರಿಗಿಂತ ಸುಮಾರು 57 ವರ್ಷ ಹಿರಿಯದು’ ಎಂದು ಮಕ್ಕಳಿಗೆ ಹೇಳಿದರೆ ಸುಳ್ಳಾಗುವುದಿಲ್ಲ.

ನರೇಂದ್ರದ ಶಾಸನ 1125ರದು. ಹಾಕಿಸಿದವರು ಗೋವೆಯ ಕದಂಬರು, ಅವರೂ ಚಾಲುಕ್ಯರ ಸಾಮಂತರೇ. ತಮ್ಮ ಹಿರಿಯನಾದ ಚಟ್ಟಯ್ಯನ (ಷಷ್ಠದೇವನ) ಪ್ರತಾಪವನ್ನು ಹೊಗಳುತ್ತ ಶಾಸನ ಹೀಗೊಂದು ಸಂಗತಿ ಹೇಳುತ್ತದೆ: ಅವನು ಗೋವೆಯಿಂದ ಹಡಗುಗಳ ಸಾಲಿನೊಡನೆ ಸೌರಾಷ್ಟ್ರದ ಕಡೆಗೆ ಸಮುದ್ರಯಾನ ಹೊರಟ. ಸುದ್ದಿ ಕೇಳಿದ ಥಾಣೆಯ ಮುಮ್ಮುರಿ ಎದುರುಗೊಂಡು ಅರಮನೆಗೆ ಕರೆದೊಯ್ದ, ಸಡಗರದಿಂದ ಮಗಳನ್ನು ಧಾರೆಯೆರೆದು ಕೊಟ್ಟ, ಅಳಿಯನಿಗೆ ಐದು ಲಕ್ಷ ಹೊನ್ನು ಕೊಟ್ಟ.

ಅಳಿಯನ ಹೆಸರಿದೆ. ಮಾವನ ಹೆಸರಿದೆ. ಊರಿನ ಹೆಸರಿದೆ. ಹೊನ್ನಿನ ಮೊತ್ತವೂ ಇದೆ. ಆ ಸಾಲುಗಳಲ್ಲಿ ಹುಡುಗಿಯ ಹೆಸರಿಲ್ಲ.

ಅದೇ ಶಾಸನದಲ್ಲಿ ಮೈಳಲದೇವಿಯ ಹೆಸರು ಬಹು ಗೌರವದಿಂದ ಬರುತ್ತದೆ. ಅವಳು ಆಗಿನ ಕದಂಬ ಅರಸ ಎರಡನೆಯ ಜಯಕೇಶಿಯ ಪಟ್ಟದರಸಿ. ಆದರೆ ಅವಳ ತಂದೆ ಯಾರು? ಚಕ್ರವರ್ತಿ ಆರನೆಯ ವಿಕ್ರಮಾದಿತ್ಯ. ಮೇಲಿನಿಂದ ಕೆಳಗೆ ಬಂದ ಸೊಸೆಗೆ ಹೆಸರು ಉಳಿಯಿತು. ಸಮಸಮನಾದ ಸಾಮಂತರ ಮನೆಯಿಂದ ಬಂದವಳು ಹೊನ್ನಿನ ಜೊತೆಗೆ ಲೆಕ್ಕಕ್ಕೆ ಸೇರಿಹೋದಳು. ಕರಾಡದ ಶಿಲಾಹಾರರ ಮನೆಯ ಚಂದ್ರಲೇಖೆಯದು ಇನ್ನೊಂದು ರೀತಿ. ಅವಳು ಅದೇ ವಿಕ್ರಮಾದಿತ್ಯನನ್ನು ಸ್ವಯಂವರದಲ್ಲಿ ವರಿಸಿದಳೆಂದು ಕಾಶ್ಮೀರದ ಕವಿ ಬಿಲ್ಹಣ ವಿಕ್ರಮಾಂಕದೇವಚರಿತದಲ್ಲಿ ಸರ್ಗಗಟ್ಟಲೆ ವರ್ಣಿಸಿದ್ದಾನೆ. ಒಂದೇ ಕುಲದ ಇಬ್ಬರು ಹೆಣ್ಣುಮಕ್ಕಳು, ಒಬ್ಬಳಿಗೆ ಕವಿ ಸಿಕ್ಕಿದ.

ಥಾಣೆಯ ಮದುವೆ ಸ್ನೇಹದ ಮದುವೆಯೋ ಭಯದ ಮದುವೆಯೋ? ಹಡಗುಗಳ ಸಾಲು ನಮ್ಮ ಖಾಡಿಯ ಬಾಯಿಗೆ ಬಂದು ನಿಂತಾಗ ಎದ್ದು ಹೋಗಿ ಸ್ವಾಗತಿಸಿದ ಎಂದರೆ ನನಗಂತೂ ಎರಡನೆಯದೇ ಕಾಣಿಸುತ್ತದೆ. ಆ ಹುಡುಗಿ ಒಂದು ಒಪ್ಪಂದಪತ್ರ. ಆ ಒಪ್ಪಂದವೂ ಬಹಳ ಕಾಲ ಬಾಳಲಿಲ್ಲ. ಚಟ್ಟಯ್ಯನ ಮಗ ಮೊದಲನೆಯ ಜಯಕೇಶಿ ಕಪರ್ದಿಕದ್ವೀಪದ ಅರಸನನ್ನು ಕೊಂದನೆಂದು ಕದಂಬರ ಶಾಸನವೇ ಹೇಳುತ್ತದೆ. ಕೊಲೆಯಾದವನು ಮುಮ್ಮುಣಿಯೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಗಂಡನ ಮನೆಯ ಮಗ ತವರಿನ ಅರಸನನ್ನು ಕೊಂದ. ಕದಂಬರಿಗೆ ಅದು ಹೊಗಳಿಕೆಯ ಇನ್ನೊಂದು ಸಾಲು. ನಾವು ಹೆಣ್ಣುಮಕ್ಕಳು ಓದುವಾಗ ಮಾತ್ರ ಗೋವೆಯ ಅಂತಃಪುರದ ಕಡೆಗೆ ಮನಸ್ಸು ಹೋಗುತ್ತದೆ, ಆ ಸುದ್ದಿ ಅಲ್ಲಿಗೆ ಬಂದ ದಿನ ಹೇಗಿದ್ದಿರಬಹುದು ಎಂದು.

ಸಾಮಂತರ ವ್ಯವಸ್ಥೆಯಲ್ಲಿ ಹೆಣ್ಣು ಒತ್ತೆಯಾಗುವುದು ನಮ್ಮ ದೇಶದ ವಿಶೇಷವೇನಲ್ಲ. ಈಗ ಮನೆಯಲ್ಲಿ ಮಕ್ಕಳು ಜಪಾನಿನ ಕಾರ್ಟೂನ್ ನೋಡುತ್ತಾರೆ, ಸಮುರಾಯಿಗಳ ಹೆಸರು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. 1603ರಿಂದ ಅಲ್ಲಿ ತೊಕುಗಾವ ಮನೆತನದ ಶೋಗುನ್ ಎಂಬ ಮಹಾಸೇನಾಧಿಪತಿಗಳು ಎದೊ ನಗರದಿಂದ, ಅಂದರೆ ಈಗಿನ ಟೋಕಿಯೋದಿಂದ, ದೇಶವನ್ನಾಳಿದರು. ಅವರ ಕೆಳಗೆ 260ಕ್ಕೂ ಹೆಚ್ಚು ಸೀಮೆಗಳು, ಒಂದೊಂದಕ್ಕೆ ಒಂದೊಂದು ಮನೆತನದ ದೈಮ್ಯೊ. ನಮ್ಮಲ್ಲಿ ಹಳ್ಳಿಗಳ ಲೆಕ್ಕವಾದರೆ ಅಲ್ಲಿ ಅಕ್ಕಿಯ ಲೆಕ್ಕ. ಒಬ್ಬ ಮನುಷ್ಯನ ಒಂದು ವರ್ಷದ ಊಟಕ್ಕೆ ಬೇಕಾಗುವಷ್ಟು ಅಕ್ಕಿಗೆ ಒಂದು ಕೊಕು, ಸುಮಾರು 180 ಲೀಟರ್ ಅಳತೆ. ಕನಿಷ್ಠ 10,000 ಕೊಕು ಬೆಳೆಯುವ ಸೀಮೆಯಿದ್ದರೆ ದೈಮ್ಯೊ ಎನಿಸಿಕೊಳ್ಳಬಹುದು. ಕಾಗಾ ಸೀಮೆಯ ಮಾಎದ ಮನೆತನದ್ದು 10 ಲಕ್ಷ ಕೊಕುವಿಗೂ ಮೇಲೆ. 1615ರ ಶಾಸನದಂತೆ ದೈಮ್ಯೊಗಳು ತಮ್ಮತಮ್ಮಲ್ಲೇ ಬೀಗತನ ಬೆಳೆಸುವಂತಿರಲಿಲ್ಲ, ಮದುವೆಗೆ ಶೋಗುನ್‌ನ ಒಪ್ಪಿಗೆ ಬೇಕು. 1635ರಿಂದ ಇನ್ನೊಂದು ಕಟ್ಟಳೆ: ದೈಮ್ಯೊ ಸಾಮಾನ್ಯವಾಗಿ ಒಂದು ವರ್ಷ ತನ್ನ ಸೀಮೆಯಲ್ಲಿ, ಮರುವರ್ಷ ಎದೊದಲ್ಲಿ ಇರಬೇಕು. ಅವನ ಹೆಂಡತಿ ಮತ್ತು ಉತ್ತರಾಧಿಕಾರಿಯಾದ ಮಗ ಮಾತ್ರ ಸದಾ ಎದೊದಲ್ಲೇ. ಹಾಕೊನೆಯ ಘಾಟಿನ ನಾಕಾದಲ್ಲಿ ಕಾವಲುಗಾರರು ಮುಖ್ಯವಾಗಿ ಎರಡನ್ನು ಹುಡುಕುತ್ತಿದ್ದರಂತೆ, ಎದೊದ ಕಡೆಗೆ ಬರುವ ಬಂದೂಕು ಮತ್ತು ಎದೊದಿಂದ ಹೊರಗೆ ಹೋಗುವ ಹೆಂಗಸು. ಬಂದೂಕು ಒಳಗೆ ಬಂದರೂ ದಂಗೆ, ಹೆಂಗಸು ಹೊರಗೆ ಹೋದರೂ ದಂಗೆ! ಈ ಪದ್ಧತಿ 1862ರಲ್ಲಿ ಸಡಿಲವಾಯಿತು, 1871ರಲ್ಲಿ ಸೀಮೆಗಳೇ ರದ್ದಾದವು.

ಇದಕ್ಕೆ ಅಪವಾದ ನಮ್ಮ ತುಳುನಾಡಿನಲ್ಲೇ ಇದೆ, ನಮ್ಮಲ್ಲಿ ಅರ್ಧಕ್ಕರ್ಧ ಜನರ ತವರು ಅದು. ಮೂಡುಬಿದಿರೆಯ ಚೌಟರು, ವೇಣೂರಿನ ಅಜಿಲರು, ಬಂಗಾಡಿಯ ಬಂಗರು, ಇವರೆಲ್ಲ ಶಿಲಾಹಾರರಂತೆಯೇ ಚಿಕ್ಕ ಚಿಕ್ಕ ಸೀಮೆಗಳ ಒಡೆಯರು. ಆದರೆ ಅಳಿಯಸಂತಾನ ಕಟ್ಟು. ಪಟ್ಟ ಹೋಗುವುದು ಸೋದರಿಯ ಮಕ್ಕಳಿಗೆ, ಆದ್ದರಿಂದ ಮನೆಯ ಬೇರು ಮಗಳಲ್ಲಿ. ಚೌಟರ ಅಬ್ಬಕ್ಕ ಬಂಗರಸನನ್ನು ಮದುವೆಯಾದ ಮೇಲೂ ಉಳ್ಳಾಲದ ರಾಣಿಯಾಗಿಯೇ ಉಳಿದು 16ನೇ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದಳು. ಅವಳ ಹೆಸರು ಉಳಿದದ್ದು ಶೌರ್ಯದಿಂದ ನಿಜ, ಆದರೆ ಆ ಶೌರ್ಯ ತೋರಿಸಲು ಅವಳ ಕಾಲ ಕೆಳಗೆ ಅವಳದೇ ನೆಲವಿತ್ತು.

ಥಾಣೆಗೆ ಮರಳೋಣ. ಮುಮ್ಮುಣಿಯ ಅಣ್ಣ ನಾಗಾರ್ಜುನನ ಮಗ ಅನಂತದೇವ ಕಳೆದುಹೋದ ಸೀಮೆಯನ್ನು ಮತ್ತೆ ಗಳಿಸಿದ. ದಾಯಾದಿಗಳ ವೈರದಿಂದ ಕೊಂಕಣಕ್ಕೆ ಕೇಡು ಬಂದ ಕಾಲದಲ್ಲಿ ನಾಡನ್ನು ಹಾಳುಮಾಡಿದ ದುಷ್ಟರನ್ನು ಓಡಿಸಿದೆನೆಂದು 1094ರ ಖಾರೇಪಾಟಣದ ತಾಮ್ರಪಟದಲ್ಲಿ ಬರೆಸಿದ್ದಾನೆ. ಅದೇ ಪಟದಲ್ಲಿ ತನ್ನ ಮಂತ್ರಿಯಾಗಿದ್ದ ಭಾಭಣ ಶ್ರೇಷ್ಠಿ ಮತ್ತು ಅವನ ತಮ್ಮನ ಹಡಗುಗಳಿಗೆ ಶ್ರೀಸ್ಥಾನಕ, ನಾಗಪುರ, ಶೂರ್ಪಾರಕ, ಚೇಮೂಲ್ಯ ಬಂದರುಗಳಲ್ಲಿ ಸುಂಕ ಮಾಫಿ. ಶೂರ್ಪಾರಕವೆಂದರೆ ನಾಲಾಸೋಪಾರಾ, ಚೇಮೂಲ್ಯವೆಂದರೆ ಚೌಲ್. ಸಾಮಂತರ ಬಲ ಎಲ್ಲಿಂದ ಬರುತ್ತಿತ್ತು ಎಂಬುದು ಇಲ್ಲಿ ತಿಳಿಯುತ್ತದೆ. ಗದ್ದೆಯಷ್ಟೇ ಅಲ್ಲ, ಬಂದರು.

ಅನಂತದೇವನ ನಂತರದ ಅಪರಾದಿತ್ಯ ಇನ್ನೊಂದು ಬಗೆಯ ಮನುಷ್ಯ. ಯಾಜ್ಞವಲ್ಕ್ಯ ಸ್ಮೃತಿಗೆ ಅವನ ಹೆಸರಿನಲ್ಲಿ ‘ಅಪರಾರ್ಕ’ ಎಂಬ ದೊಡ್ಡ ವ್ಯಾಖ್ಯಾನವಿದೆ. ಅವನ ದೂತ ತೇಜಕಂಠ ಕಾಶ್ಮೀರದ ವಿದ್ವತ್ಸಭೆಯಲ್ಲಿ ಕುಳಿತಿದ್ದನೆಂದು ಅಲ್ಲಿನ ಕವಿ ಮಂಖ ಶ್ರೀಕಂಠಚರಿತದಲ್ಲಿ ಬರೆದಿದ್ದಾನೆ. ಅದಕ್ಕೂ ಸ್ವಲ್ಪ ಮೊದಲು ಅದೇ ಸ್ಮೃತಿಗೆ ವಿಜ್ಞಾನೇಶ್ವರ ಮಿತಾಕ್ಷರಾ ಬರೆದದ್ದು ಚಾಲುಕ್ಯರ ಕಲ್ಯಾಣದಲ್ಲಿ. ಬೀದರ ಜಿಲ್ಲೆಯ ಬಸವಕಲ್ಯಾಣ ಅದು, ನಮ್ಮ ಜಂಕ್ಷನ್ ಕಲ್ಯಾಣ್ ಅಲ್ಲ. ಈ ಗೊಂದಲ ನಮ್ಮ ಸಂಘದ ಕಾರ್ಯಕ್ರಮಗಳಲ್ಲೇ ಎಷ್ಟು ಸಲ ಆಗಿಲ್ಲ! ಚಕ್ರವರ್ತಿಯ ಊರಿನಲ್ಲಿ ಒಂದು, ಸಾಮಂತನ ಊರಿನಲ್ಲಿ ಇನ್ನೊಂದು, ಎರಡೂ ವ್ಯಾಖ್ಯಾನಗಳು ಹೆಣ್ಣಿನ ಆಸ್ತಿಯ ಪ್ರಶ್ನೆಯನ್ನು ಚರ್ಚಿಸುತ್ತವೆ. ಮದುವೆಯ ಅಗ್ನಿಯ ಮುಂದೆ ಹೆಣ್ಣಿಗೆ ಕೊಟ್ಟದ್ದು ಹೆಣ್ಣಿನದು, ಅದು ಸ್ತ್ರೀಧನ. ಮಿತಾಕ್ಷರಾ ಇನ್ನೂ ಮುಂದೆ ಹೋಗಿ ಅವಳಿಗೆ ಉತ್ತರಾಧಿಕಾರದಿಂದ, ಖರೀದಿಯಿಂದ, ಪಾಲಿನಿಂದ ಬಂದದ್ದನ್ನೂ ಸ್ತ್ರೀಧನಕ್ಕೇ ಸೇರಿಸಿತು. ಗಂಡುಮಕ್ಕಳಿಲ್ಲದೆ ತೀರಿಕೊಂಡವನ ಪ್ರತ್ಯೇಕ ಆಸ್ತಿ ಮೊದಲು ಹೆಂಡತಿಗೆ ಎಂದಿತು.

ಈಗ ನರೇಂದ್ರದ ಸಾಲನ್ನು ಮತ್ತೊಮ್ಮೆ ನೋಡಿ. ಐದು ಲಕ್ಷ ಹೊನ್ನು ಕೊಟ್ಟದ್ದು ಮಗಳಿಗಲ್ಲ, ಅಳಿಯನಿಗೆ. ಮಗಳಿಗೆ ಕೊಟ್ಟಿದ್ದರೆ ಸ್ತ್ರೀಧನವಾಗುತ್ತಿತ್ತು. ಅಳಿಯನಿಗೆ ಕೊಟ್ಟದ್ದು, ನಮ್ಮ ಮಾತಿನಲ್ಲಿ ಹೇಳುವುದಾದರೆ, ವರದಕ್ಷಿಣೆ. 1961ರ ಕಾನೂನು ನಿಷೇಧಿಸಿದ್ದು ಇದನ್ನೇ, ನಮ್ಮ ಮದುವೆ ಹಾಲುಗಳಲ್ಲಿ ಈಗಲೂ ಬೇರೆ ಬೇರೆ ಹೆಸರಿನಲ್ಲಿ ಕೈ ಬದಲಾಗುವುದೂ ಇದೇ. ಶಾಸ್ತ್ರಗ್ರಂಥದಲ್ಲಿ ಬರೆದದ್ದು ಒಂದು, ಅರಮನೆಯಲ್ಲಿ ನಡೆದದ್ದು ಇನ್ನೊಂದು. ವಿಜ್ಞಾನೇಶ್ವರ ಕೊಟ್ಟದ್ದನ್ನೂ ಬ್ರಿಟಿಷರ ಕಾಲದ ಪ್ರಿವಿ ಕೌನ್ಸಿಲ್ ಕಿರಿದುಗೊಳಿಸಿತು. ಹೆಣ್ಣಿಗೆ ಉತ್ತರಾಧಿಕಾರದಿಂದ ಬಂದದ್ದು ಅವಳ ಪೂರ್ಣ ಸ್ವತ್ತಲ್ಲ ಎಂದಿತು. ಅದು ಸರಿಹೋಗಲು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬರಬೇಕಾಯಿತು. ತಂದೆಯ ಅವಿಭಕ್ತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದ ಪಾಲು ಎಂಬುದು ಕರ್ನಾಟಕ ಮತ್ತು ಮಹಾರಾಷ್ಟ್ರಗಳಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಬಂತು. ಊರಿನ ಜಾಗದ ಪಾಲುಪತ್ರಕ್ಕೆ ‘ಒಂದು ಸಹಿ ಹಾಕಿಬಿಡು ಅಕ್ಕ’ ಎಂದು ತಮ್ಮನ ಫೋನ್ ಬಂದಾಗ ಈ ಮೂರು ಇಸವಿಗಳು ನೆನಪಿರಲಿ. ಸಹಿ ಹಾಕುವುದೋ ಬಿಡುವುದೋ ನಿಮ್ಮಿಷ್ಟ, ಆದರೆ ನಿಮ್ಮದನ್ನು ನೀವು ಕೊಡುತ್ತಿದ್ದೀರಿ ಎಂಬುದು ಗೊತ್ತಿರಬೇಕು.

ಶಿಲಾಹಾರರ ಕಾಲದ ಇನ್ನೊಂದು ಬಗೆಯ ಕಲ್ಲು ಥಾಣೆ, ರಾಯಗಡ ಜಿಲ್ಲೆಗಳ ಹಳ್ಳಿಗಳಲ್ಲಿ ಅಲ್ಲಲ್ಲಿ ನಿಂತಿದೆ, ಅದನ್ನು ಬಿಟ್ಟುಬಿಡಲು ಮನಸ್ಸಾಗುತ್ತಿಲ್ಲ. ಮರಾಠಿಯಲ್ಲಿ ಅದಕ್ಕೆ ಗದ್ಧೇಗಳ್ ಎನ್ನುತ್ತಾರೆ. ಮೇಲೆ ಸೂರ್ಯಚಂದ್ರ, ನಡುವೆ ದಾನದ ಶಾಸನ, ಕೆಳಗೆ ಒಂದು ಕತ್ತೆ ಮತ್ತು ಒಬ್ಬ ಹೆಂಗಸು. ಈ ದಾನವನ್ನು ಕೆಡಿಸಿದವನ ತಾಯಿಗೆ ಈ ಗತಿ ಬರಲಿ ಎಂಬ ಶಾಪ ಅದು. ನಮ್ಮ ಕನ್ನಡ ಶಾಸನಗಳಲ್ಲಿ ದಾನ ಕೆಡಿಸಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾನೆ, ಪಾಪ ಅವನದೇ. ಇಲ್ಲಿ ಭೂಮಿ ನುಂಗಿದವನು ಮಗ, ಶಿಕ್ಷೆ ಹೆತ್ತವಳಿಗೆ. ಮೊದಲ ಸಲ ಒಂದು ಗದ್ಧೇಗಳ್ ನೋಡಿದಾಗ ಅದರ ಅರ್ಥ ತಿಳಿದು ನಾನು ಬೇಗ ಬೇಗ ಮುಂದೆ ನಡೆದಿದ್ದೆ. ಈಗ ಅನ್ನಿಸುತ್ತದೆ, ನಿಂತು ನೋಡಬೇಕಾದ ಕಲ್ಲು ಅದು.

ಮನೆತನದ ಕೊನೆಯ ಅಧ್ಯಾಯ ಚಿಕ್ಕದು. ಮಲ್ಲಿಕಾರ್ಜುನನೆಂಬವನು ‘ರಾಜಪಿತಾಮಹ’ ಎಂಬ ಬಿರುದು ಧರಿಸಿದ್ದಕ್ಕೆ ಗುಜರಾತಿನ ಕುಮಾರಪಾಲ ಕೆರಳಿ ದಂಡು ಕಳಿಸಿದನೆಂದು ಗುಜರಾತಿನ ಪ್ರಬಂಧಗಳು ಹೇಳುತ್ತವೆ. 1160ರ ಸುಮಾರಿಗೆ ಆ ಯುದ್ಧದಲ್ಲಿ ಅವನು ಸತ್ತ. ಕಡೆಯವನು ಸೋಮೇಶ್ವರ. ನವಿ ಮುಂಬಯಿಗೆ ತಾಗಿಕೊಂಡಿರುವ ಉರಣ ಸೀಮೆಯ ರಾಣವಡ ಮತ್ತು ಚಾಂಜೆಯಲ್ಲಿ ಅವನ 1259, 1260ರ ಶಾಸನಗಳು ಸಿಕ್ಕಿವೆ. ದೇವಗಿರಿಯ ಯಾದವ ಮಹಾದೇವ ಆನೆಗಳ ಸೇನೆಯೊಡನೆ ಕೊಂಕಣಕ್ಕೆ ಇಳಿದಾಗ ಸೋಮೇಶ್ವರ ನೆಲ ಬಿಟ್ಟು ಹಡಗು ಹತ್ತಿದ, ಸುಮಾರು 1265ರಲ್ಲಿ ಕಡಲಿನಲ್ಲೇ ಮುಳುಗಿದ. ಹೀಗೆಂದು ಹಾಡಿದವನು ಮಹಾದೇವನ ಮಂತ್ರಿ ಹೇಮಾದ್ರಿ, ಅಂದರೆ ಇಲ್ಲಿಯೂ ಗೆದ್ದವರ ಪಂಡಿತನೇ.

ಬೋರಿವಲಿಯ ಏಕ್ಸರ್‌ನಲ್ಲಿ ವೀರಗಲ್ಲುಗಳಿವೆ. ಹುಟ್ಟು ಹಾಕುವ ಹಡಗುಗಳ ಸಾಲು, ಕಡಲಯುದ್ಧ, ಸತ್ತ ವೀರರು, ಎಲ್ಲ ಕಲ್ಲಿನಲ್ಲಿ ಸ್ಪಷ್ಟ. ಸೋಮೇಶ್ವರನ ಕೊನೆಯ ಯುದ್ಧವೇ ಅದೆಂದು ಕೆಲವರು, ಅದಕ್ಕೂ ಹಿಂದಿನದೆಂದು ಕೆಲವರು. ಥಾಣೆಯಿಂದ ಘೋಡ್‌ಬಂದರ್ ರಸ್ತೆಯಲ್ಲಿ ಬೋರಿವಲಿಗೆ ಹೋಗುವವರು ಒಂದು ರವಿವಾರ ಬೆಳಿಗ್ಗೆ ಟ್ರಾಫಿಕ್ ಶುರುವಾಗುವ ಮೊದಲು ಹೊರಟರೆ ಅದನ್ನು ನೋಡಿಕೊಂಡು ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು.